ರೈಜೆನ್ 5 5600ಜಿ ಪ್ರೊಸೆಸರ್, ಮೂರು ವರ್ಷ ಬಳಸಿದ ಮೇಲೆ ಬರೀತಿದೀನಿ

2022ರ ಜೂನ್‌ನಲ್ಲಿ ತಗೊಂಡಿದ್ದು, ಇವತ್ತಿಗೂ ದಿನಾ ಓಡ್ತಿದೆ, ಪ್ರೊಸೆಸರ್ ಕಡೆಯಿಂದ ಒಂದೇ ಒಂದು ತೊಂದ್ರೆ ಬಂದಿಲ್ಲ. ಆಗ ನನ್ನ ಮುಂದೆ ಇದ್ದಿದ್ದು ಐ3 12100ಎಫ್, ರೈಜೆನ್ 5 5600, ಮತ್ತೆ ಈ 5600ಜಿ. ಮೊದಲೆರಡರಲ್ಲೂ ಒಳಗಡೆ ಗ್ರಾಫಿಕ್ಸೇ ಇಲ್ಲ, ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕದೆ ಮಾನಿಟರ್‌ನಲ್ಲಿ ಏನೂ ಬರಲ್ಲ, ಕ್ರಿಪ್ಟೋ ಮೈನಿಂಗ್ ಗಲಾಟೆಯಿಂದ ಏರಿದ್ದ ಕಾರ್ಡ್ ರೇಟು ಇಳೀತಾ ಇದ್ರೂ ನನ್ನ ಕೈಗೆ ಎಟುಕ್ತಿರ್ಲಿಲ್ಲ, ಅದಕ್ಕೇ ಒಳಗೇ ಗ್ರಾಫಿಕ್ಸ್ ಇರೋ ಜಿ ಚಿಪ್ಪನ್ನೇ ತಗೊಂಡೆ. 6 ಕೋರ್, 12 ಥ್ರೆಡ್, 65 ವ್ಯಾಟ್, ಜೊತೆಗೆ ಡಬ್ಬದಲ್ಲೇ ಕೂಲರ್.

ಮೊದಲ ತಿಂಗಳು ಮಾತ್ರ ತುಂಬಾ ಬೇಜಾರಾಗಿತ್ತು. ಬೆಂಗಳೂರಿನ ಎಸ್‌ಪಿ ರೋಡಲ್ಲಿ ಬಿಲ್ಡ್ ಮಾಡ್ಕೊಟ್ಟ ಅಂಗಡಿಯವ್ರು "ಮುಂದೆ ಇನ್ನೊಂದು ಹಾಕ್ಕೋಬಹುದು ಸರ್" ಅಂತ 16 ಜಿಬಿಯ ಒಂದೇ ರ‍್ಯಾಮ್ ಸ್ಟಿಕ್ ಹಾಕಿದ್ರು, ರ‍್ಯಾಮನ್ನ ಪೂರ್ತಿ ಸ್ಪೀಡಲ್ಲಿ ಓಡಿಸೋ ಎಕ್ಸ್‌ಎಂಪಿ ಸೆಟ್ಟಿಂಗೂ ಆನ್ ಮಾಡಿರ್ಲಿಲ್ಲ, ಜಿಟಿಎ 5 ತಿರುವಿನಲ್ಲೆಲ್ಲ ತಡವರಿಸ್ತಿತ್ತು. ಆಮೇಲೆ ಗೊತ್ತಾಯ್ತು, ಇದರೊಳಗಿರೋ ವೇಗಾ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ನಮ್ಮ ರ‍್ಯಾಮನ್ನೇ ಹಂಚ್ಕೊಳ್ಳುತ್ತೆ, ಒಂದೇ ಸ್ಟಿಕ್ ಇದ್ರೆ ದಾರಿನೂ ಒಂದೇ, ಉಸಿರು ಕಟ್ಟಿದಂಗೆ ಆಗುತ್ತೆ. ಅದನ್ನ ಮಾರಿ 3200 ಸ್ಪೀಡಿನ 8 ಜಿಬಿ ಎರಡು ಸ್ಟಿಕ್ ಹಾಕಿ ಬಯೋಸ್‌ನಲ್ಲಿ ಎಕ್ಸ್‌ಎಂಪಿ ಆನ್ ಮಾಡಿದೆ ನೋಡಿ, ಬೇರೆ ಕಂಪ್ಯೂಟರೇ ತಂದಂಗಾಯ್ತು. 1080ಪಿ ನಾರ್ಮಲ್‌ನಲ್ಲಿ ಜಿಟಿಎ ಸೆಕೆಂಡಿಗೆ 60 ಫ್ರೇಮ್ ಹತ್ರ ಹತ್ರ, ವ್ಯಾಲರಂಟ್ ಲೋನಲ್ಲಿ 100ರ ಮೇಲೆ. ಇದೊಂದು ವಿಷ್ಯ ದಯವಿಟ್ಟು ಅಂಗಡಿಯಲ್ಲಿ ನಿಂತೇ ಕೇಳಿ ಮಾಡಿಸ್ಕೊಳ್ಳಿ, ಎರಡು ಸ್ಟಿಕ್.

2023ರ ದೀಪಾವಳಿಗೆ ಆರ್‌ಎಕ್ಸ್ 6600 ಗ್ರಾಫಿಕ್ಸ್ ಕಾರ್ಡ್ ಹಾಕಿದೆ. ಇಲ್ಲಿಂದ 5600ಜಿಯ ಮಿತಿ ಕಾಣೋಕೆ ಶುರುವಾಯ್ತು. ಇದರಲ್ಲಿ ಎಲ್3 ಕ್ಯಾಶ್, ಅಂದ್ರೆ ಪ್ರೊಸೆಸರ್ ಒಳಗಿನ ವೇಗದ ಮೆಮೊರಿ, 16 ಎಂಬಿ, ಜಿ ಇಲ್ಲದ 5600ರಲ್ಲಿ 32. ನನ್ನ ಫ್ರೆಂಡ್ ಹತ್ರ 5600 ಜೊತೆ ಇದೇ ಕಾರ್ಡ್ ಇದೆ, ಕೌಂಟರ್ ಸ್ಟ್ರೈಕ್ 2ರಲ್ಲಿ ಸ್ಮೋಕ್ ಬಿದ್ದು ನಾಲ್ಕೈದು ಜನ ಒಟ್ಟಿಗೆ ನುಗ್ಗಿದಾಗ ಅವನದು ನೀಟಾಗಿ ಹೋಗುತ್ತೆ, ನನ್ನದರಲ್ಲಿ ಫ್ರೇಮ್ ಕುಸಿಯೋದು ಕೈಗೇ ಗೊತ್ತಾಗುತ್ತೆ. ಇನ್ನೊಂದು, ಜಿ ಚಿಪ್‌ನಲ್ಲಿ ಪಿಸಿಐಇ, ಅಂದ್ರೆ ಕಾರ್ಡಿಗೂ ಪ್ರೊಸೆಸರ್‌ಗೂ ಮಧ್ಯದ ದಾರಿ, ಹಳೇ 3.0 ಮಾತ್ರ. 6600ಗೆ ಆ ದಾರಿಯ 8 ಲೇನ್ ಇರೋದ್ರಿಂದ ಅಷ್ಟೇನೂ ಪೆಟ್ಟು ಬೀಳ್ಲಿಲ್ಲ, ಆದ್ರೆ 6500 ಎಕ್ಸ್‌ಟಿ ತರದ ಕಾರ್ಡಿಗೆ ಇರೋದೇ 4 ಲೇನ್, 4 ಜಿಬಿ ಮೆಮೊರಿದಾದ್ರಂತೂ ಈ ಪ್ರೊಸೆಸರ್ ಜೊತೆ ಖಂಡಿತ ಹಾಕ್ಬೇಡಿ.

ಹಾಗಾಗಿ ಕಾರ್ಡ್ ಈಗ್ಲೇ ತಗೋತೀರಾ, ಇಲ್ಲ ಆರು ತಿಂಗಳೊಳಗೆ ದುಡ್ಡು ಬರೋದು ಗ್ಯಾರಂಟಿ ಇದೆ ಅಂದ್ರೆ 5600ನೇ ತಗೊಳ್ಳಿ. ಇಲ್ಲಾಂದ್ರೆ 5600ಜಿ, ನಂಗೆ ಒಂದೂವರೆ ವರ್ಷ ಕಾರ್ಡಿಲ್ಲದೆ ಆಟನೂ ಓದೂ ಎರಡೂ ನಡೆಸ್ಕೊಟ್ಟಿದೆ, ಅದನ್ನ ಮರೆಯಲ್ಲ.

ಬಿಸಿ ವಿಷ್ಯ, ನಮ್ಮ ದಾವಣಗೆರೆ ಏಪ್ರಿಲ್‌ನಲ್ಲಿ ಡಬ್ಬದ ಕೂಲರ್ ಜೊತೆ 80 ಡಿಗ್ರಿ ದಾಟುತ್ತೆ, ಸದ್ದೂ ಜಾಸ್ತಿ. ವರ್ಷಕ್ಕೊಂದ್ಸಲ ಧೂಳು ತೆಗೆದು ಪೇಸ್ಟ್ ಹಚ್ಚಿದ್ರೆ ಸಾಕು.

ಮದರ್‌ಬೋರ್ಡ್ ಬಿ550, ಎಎಂ4 ಸಾಕೆಟ್, ಬಯೋಸ್ ಅಪ್‌ಡೇಟ್ ಮಾಡಿ 5700ಎಕ್ಸ್3ಡಿ ಪ್ರೊಸೆಸರ್ ಕೂರಿಸ್ಬಹುದು, ಅದರಲ್ಲಿ ಎಲ್3 ಕ್ಯಾಶ್ 96 ಎಂಬಿ. ಒಳ್ಳೆ ರೇಟಿಗೆ ಒಂದು ಸೆಕೆಂಡ್ ಹ್ಯಾಂಡ್ ಸಿಕ್ರೆ ಬದಲಾಯಿಸ್ತೀನಿ, ಈ 5600ಜಿ ಅಪ್ಪನ ಅಂಗಡಿ ಬಿಲ್ಲಿಂಗ್ ಕಂಪ್ಯೂಟರ್‌ಗೆ ಹೋಗುತ್ತೆ, ಅಲ್ಲಿ ಕಾರ್ಡೇ ಬೇಕಾಗಲ್ಲ.