ಎಕ್ಸ್‌ರೇ ನಾರ್ಮಲ್ ಅಂದರು, ಮಣಿಕಟ್ಟಿನ ನೋವು ಮಾತ್ರ ಹೋಗಲೇ ಇಲ್ಲ

ಮಳೆಯಲ್ಲಿ ಗಾಡಿ ಓಡಿಸುವವರು ಒಂದ್ಸಲ ಓದಿ. ನನ್ನ ತಂಗಿ ಬನಶಂಕರಿ ಹತ್ತಿರ ಸ್ಕೂಟಿ ಜಾರಿ ಬಿದ್ದಳು. ಅಂಗೈ ಊರಿಕೊಂಡೇ ಬಿದ್ದಿದ್ದಳು. ಮನೆ ಪಕ್ಕದ ನರ್ಸಿಂಗ್ ಹೋಂನಲ್ಲಿ ಎಕ್ಸ್‌ರೇ ತೆಗೆದರು. ಡ್ಯೂಟಿ ಡಾಕ್ಟರು ಕೈ ಮುಟ್ಟಿಯೂ ನೋಡಲಿಲ್ಲ. "ಮೂಳೆ ಮುರಿದಿಲ್ಲಮ್ಮ, ಬರೀ ಉಳುಕು" ಅಂದವರೇ ಕ್ರೇಪ್ ಬ್ಯಾಂಡೇಜ್ ಸುತ್ತಿ ಕಳಿಸಿದರು.

ಊತ ಇಳಿಯಿತು. ಆದರೆ ಬಟ್ಟೆ ಹಿಂಡುವಾಗ, ಬೀಗ ತೆಗೆಯುವಾಗ, ನೆಲಕ್ಕೆ ಕೈಯೂರಿ ಏಳುವಾಗ ಕಿರುಬೆರಳಿನ ಕಡೆ ಚುಚ್ಚಿದ ಹಾಗೆ ನೋವು. ಜೊತೆಗೆ ಟಕ್ ಅಂತ ಸದ್ದು ಬೇರೆ. ಯಾರೋ ಹೇಳಿದರು ಅಂತ ಅಮ್ಮ ನಾಟಿ ಕಟ್ಟು ಹಾಕುವವರ ಹತ್ತಿರ ಕರೆದುಕೊಂಡು ಹೋದರು. ಆತ ಎಣ್ಣೆ ಹಚ್ಚಿ, ಕೈ ಎಳೆದು ತಿರುಚಿದ. ಮರುದಿನ ಮತ್ತೆ ಊದಿಕೊಂಡಿತ್ತು. ಒಳಗೆ ಏನು ಹರಿದಿದೆ ಅಂತ ಗೊತ್ತಿಲ್ಲದೆ ಹಾಗೆ ಎಳೆಯೋದಾ?

ಕೊನೆಗೆ ಹ್ಯಾಂಡ್ ಸರ್ಜನ್ ಹತ್ತಿರ ಹೋದೆವು. ಅವರು ಕಿರುಬೆರಳಿನ ಕಡೆ, ಮಣಿಕಟ್ಟಿನ ಉಬ್ಬು ಮೂಳೆಯ ಪಕ್ಕದ ಗುಳಿಯನ್ನು ಹೆಬ್ಬೆರಳಿನಿಂದ ಒತ್ತಿದರು. ತಂಗಿ ಕಿರುಚಿಕೊಂಡಳು. ಎಂಆರ್‌ಐ ಮಾಡಿಸಿದಾಗ ಟಿಎಫ್‌ಸಿಸಿ ಹರಿದಿರೋದು ಗೊತ್ತಾಯಿತು. ಮುಂಗೈಯ ಎರಡು ಮೂಳೆಗಳನ್ನು ಹಿಡಿದಿಟ್ಟು, ಮಣಿಕಟ್ಟಿಗೆ ಮೆತ್ತೆಯೂ ಆಗಿರುವ ಕಾರ್ಟಿಲೇಜು ಮತ್ತು ಲಿಗಮೆಂಟುಗಳ ಗುಂಪು ಅದು. ಮಾಮೂಲಿ ಎಕ್ಸ್‌ರೇಯಲ್ಲಿ ಕಾಣೋದೇ ಇಲ್ಲ! ಅದರ ಅಂಚಿಗೆ ರಕ್ತ ಸಿಗುತ್ತದೆ. ಅಲ್ಲಿ ಹರಿದಿದ್ದರೆ, ಬೇಗ ಸ್ಪ್ಲಿಂಟ್ ಹಾಕಿ ಅಲುಗಾಡದಂತೆ ಇಟ್ಟರೆ ಕೂಡಿಕೊಳ್ಳಬಹುದು. ನಡುಭಾಗಕ್ಕೆ ರಕ್ತನಾಳವೇ ಇಲ್ಲ, ತಾನಾಗಿ ಕೂಡೋದು ಕಷ್ಟ. ತಂಗಿಗೆ ಹರಿದಿದ್ದು ಅಂಚಿನಲ್ಲೇ. ತಡವಾಗಿದ್ದರಿಂದ ಸಣ್ಣ ತೂತು ಕೊರೆದು ಕ್ಯಾಮೆರಾ ಬಿಟ್ಟು ಹೊಲಿಗೆ ಹಾಕಬೇಕಾಯಿತು. ಈಗ ಫಿಸಿಯೋಥೆರಪಿ ನಡೀತಿದೆ.

ನೋವು ಹೆಬ್ಬೆರಳಿನ ಕಡೆ ಇದ್ದರೆ ಇನ್ನೂ ಹುಷಾರಾಗಿರಿ. ಅಲ್ಲಿ ಸ್ಕೇಫಾಯ್ಡ್ ಅಂತ ಪುಟ್ಟ ಮೂಳೆ ಇದೆ. ಅದು ಬಿರುಕು ಬಿಟ್ಟರೂ ಮೊದಲ ಎಕ್ಸ್‌ರೇಯಲ್ಲಿ ಕಾಣದೇ ಇರಬಹುದು. ಅದಕ್ಕೇ 10–14 ದಿನ ಬಿಟ್ಟು ಮತ್ತೆ ತೆಗೆಸ್ತಾರೆ, ಅಲ್ಲಿವರೆಗೂ ಸ್ಪ್ಲಿಂಟ್ ಇರಬೇಕು. ಸ್ಕೇಫಾಯ್ಡನ್ನು ಪಕ್ಕದ ಲೂನೇಟ್ ಮೂಳೆಗೆ ಕಟ್ಟಿರುವ ಲಿಗಮೆಂಟು ಹರಿದರೆ ಎರಡರ ನಡುವೆ ಸಂದು ಬೀಳುತ್ತದೆ. ಎಷ್ಟೋ ಸಲ ಮುಷ್ಟಿ ಬಿಗಿದು ತೆಗೆದ ಎಕ್ಸ್‌ರೇಯಲ್ಲೇ ಅದು ಕಾಣೋದು. ಹಾಗೇ ಬಿಟ್ಟರೆ ಕೆಲವು ವರ್ಷಗಳಲ್ಲಿ ಕೀಲು ಸವೆದು ಸಂಧಿವಾತ ಶುರುವಾಗಬಹುದು.

ಎರಡು ವಾರ ಆದರೂ ನೋವು ಇದ್ದರೆ "ಉಳುಕು" ಅಂತ ಸುಮ್ನೆ ಕೂರಬೇಡಿ, ಹ್ಯಾಂಡ್ ಸರ್ಜನ್‌ಗೇ ತೋರಿಸಿ. ಹಳೇ ಎಕ್ಸ್‌ರೇ ಫಿಲ್ಮೂ ತಗೊಂಡು ಹೋಗಿ, ಹೊಸದರ ಪಕ್ಕ ಇಟ್ಟು ನೋಡ್ತಾರೆ.