ಡರ್ಟ್ ಬೈಕ್ ರೇಸಿಗೆ ತಯಾರಿ: ಓಟ, ಸೈಕಲ್, ರೋಯಿಂಗ್, ಭಾರ – ಯಾವುದು ಎಷ್ಟು ಒದಗಿತು?

ಮೋಟೋಕ್ರಾಸ್ (ಮಣ್ಣಿನ ಟ್ರ್ಯಾಕಿನ ಡರ್ಟ್ ಬೈಕ್ ರೇಸ್) ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಒಂದು ರೇಸ್ ಎಂದರೆ 30 ನಿಮಿಷ, ಅದರ ಮೇಲೆ ಎರಡು ಲ್ಯಾಪ್. ಅಂಥವು ಒಂದೇ ದಿನ ಎರಡು. ನಮ್ಮಂಥ ಹವ್ಯಾಸಿಗಳ ರೇಸ್ ಅದರ ಅರ್ಧವೂ ಇರುವುದಿಲ್ಲ, ಆದರೆ ಕೈಕೊಡುವ ಜಾಗ ಮಾತ್ರ ಅದೇ: ಮುಂಗೈ. ಕೆಲವೇ ಲ್ಯಾಪ್‌ಗಳಲ್ಲಿ ಅದು ಉಬ್ಬಿ ಕಲ್ಲಾಗುತ್ತದೆ, ಬೆರಳು ಕ್ಲಚ್ ಲಿವರ್ ಮೇಲಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಸವಾರರು ಇದನ್ನು ‘ಆರ್ಮ್ ಪಂಪ್’ ಅನ್ನುತ್ತಾರೆ. ನಾನು ನಾಲ್ಕು ಬಗೆಯ ಕಸರತ್ತನ್ನೂ ಇದೊಂದೇ ತಕ್ಕಡಿಯಲ್ಲಿಟ್ಟು ತೂಗಿದ್ದೇನೆ.

ಓಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಶೂ ಇದ್ದರೆ ಸಾಕು, ದಮ್ಮು ಬೇಗ ಬರುತ್ತದೆ. ಆದರೆ ಬೈಕಿನ ಮೇಲೆ ಕಾಲು ಓಡುವುದಿಲ್ಲ. ಅರ್ಧ ಮಡಚಿದ ಮಂಡಿಯಲ್ಲಿ ಫುಟ್‌ಪೆಗ್ (ಕಾಲಿಡುವ ಗೂಟ) ಮೇಲೆ ನಿಂತೇ ಏಟು ತಿನ್ನುತ್ತದೆ. ಬಿದ್ದು ಎದ್ದು ಮೊದಲೇ ನೊಂದ ಮಂಡಿಗೆ ಡಾಂಬರು ರಸ್ತೆಯ ಓಟ ಇನ್ನೊಂದು ಪೆಟ್ಟು. ವಾರಕ್ಕೊಮ್ಮೆ ಸಾಕು.

ಸೈಕಲ್ ಇದಕ್ಕಿಂತ ಎಷ್ಟೋ ವಾಸಿ. ಹಿಂದಿನ ದಿನ ಟ್ರ್ಯಾಕಿನಲ್ಲಿ ಮೈ ಹಣ್ಣಾಗಿದ್ದರೂ ಮರುದಿನ ಎರಡು ಗಂಟೆ ನಿಧಾನವಾಗಿ ತುಳಿಯಬಹುದು. ಮೌಂಟನ್ ಬೈಕ್ ಆದರೆ ಇನ್ನೂ ಒಂದು ಲಾಭ: ಇಳಿಜಾರಿನಲ್ಲಿ ಪೆಡಲ್ ಮೇಲೆ ನಿಂತು, ಒಂದೇ ಬೆರಳನ್ನು ಬ್ರೇಕಿಗಿಟ್ಟು, ಮುಂದಿನ ತಿರುವಿನತ್ತ ಕಣ್ಣು ನೆಡುವ ಅಭ್ಯಾಸ ತಾನಾಗಿ ಆಗುತ್ತದೆ. ಕೊರತೆ ಏನೆಂದರೆ ಸೊಂಟದಿಂದ ಮೇಲಿನ ಮೈಗೆ ಸಾಕಷ್ಟು ಕೆಲಸವಿಲ್ಲ. ಪೆಟ್ರೋಲ್ ತುಂಬಿದ 450 ಸಿಸಿ ಬೈಕ್ 100 ಕೆ.ಜಿ. ದಾಟುತ್ತದೆ. ಅದನ್ನು ಗುಂಡಿಯಿಂದ ಗುಂಡಿಗೆ ಹೊರಳಿಸುವ ಬೆನ್ನನ್ನು ಸೈಕಲ್ ಕೊಡುವುದಿಲ್ಲ.

ರೋಯಿಂಗ್ ಮಷಿನ್, ಅಂದರೆ ಕೂತು ದೋಣಿಯ ಹುಟ್ಟು ಹಾಕಿದಂತೆ ಹಿಡಿಕೆ ಎಳೆಯುವ ಯಂತ್ರದ ಮೇಲೆ ನನಗೆ ಮೊದಲು ನಂಬಿಕೆ ಇರಲಿಲ್ಲ, ಈಗ ಬಿಡಲಾರೆ. ಕಾಲು ಒದೆಯುತ್ತದೆ, ಸೊಂಟ ಬಿಚ್ಚಿಕೊಳ್ಳುತ್ತದೆ, ಕೈ ಎಳೆಯುವುದು ಕೊನೆಗೆ. ಜಂಪ್ ಇಳಿದು ಥ್ರಾಟಲ್ ಕೊಡುವಾಗ ಮೈ ಕೆಲಸ ಮಾಡಬೇಕಾದ್ದೂ ಹೆಚ್ಚುಕಡಿಮೆ ಹೀಗೆಯೇ: ಭಾರ ಕಾಲು–ಸೊಂಟದ್ದು, ಕೈ ಬರೀ ಕೊಂಡಿ. ನಾಲ್ಕು ನಿಮಿಷ ಜೋರು, ಮೂರು ನಿಮಿಷ ಹಗುರ. ಹೀಗೆ ನಾಲ್ಕು ಸುತ್ತು ಎಳೆದು ನೋಡಿ. ಮೂರನೆಯ ಸುತ್ತಿನಲ್ಲಿ ಉಸಿರು ಕಟ್ಟುವಾಗ ಕೈ ತನಗೆ ತಾನೇ ಹಿಡಿಕೆಯನ್ನು ಹಿಸುಕತೊಡಗುತ್ತದೆ. ಅಲ್ಲೇ ಪಾಠ ಇರುವುದು. ಹೆಬ್ಬೆರಳನ್ನೂ ಮೇಲಕ್ಕೆ ತಂದು ನಾಲ್ಕು ಬೆರಳ ಪಕ್ಕ ಇಟ್ಟರೆ ಹಿಸುಕಲು ಬರುವುದಿಲ್ಲ, ಬೆರಳು ಕೊಕ್ಕೆಯಂತೆ ನೇತುಹಾಕಿಕೊಂಡಷ್ಟೇ ಇರುತ್ತದೆ. ಸುಸ್ತಾದಾಗಲೂ ಕೈ ಸಡಿಲ ಬಿಡುವುದು ನನಗೆ ರೂಢಿಯಾದದ್ದು ಇಲ್ಲೇ. (ಬೈಕಿನ ಮೇಲೆ ಹೆಬ್ಬೆರಳು ಬಾರ್ ಸುತ್ತಲೇ ಇರಲಿ!) ಜಿಮ್ಮಿನಲ್ಲಿ ಎಳೆತ ಎಷ್ಟು ಭಾರವಿರಬೇಕೆಂದು ಹೊಂದಿಸುವ ಡ್ಯಾಂಪರನ್ನು 10ಕ್ಕೆ ಏರಿಸಿ ಜಗ್ಗಾಡುವವರಿದ್ದಾರೆ. 4–5 ಧಾರಾಳ ಸಾಕು.

ಇನ್ನು ಭಾರ ಎತ್ತುವುದು. ಡೆಡ್‌ಲಿಫ್ಟ್ (ನೆಲದಿಂದ ಭಾರ ಎತ್ತಿ ನಿಲ್ಲುವುದು), ಸ್ಕ್ವಾಟ್ (ಭಾರ ಹೊತ್ತು ಕೂತೇಳುವುದು) – ಇವೆರಡಕ್ಕೆ ನನ್ನ ಪೂರ್ತಿ ವೋಟು. ಜೊತೆಗೆ ಮಂಡಿಗಳ ನಡುವೆ ಚೆಂಡಿಟ್ಟು ಒತ್ತುವ ಚಿಕ್ಕ ಕಸರತ್ತು: ಒಳತೊಡೆಗೆ ಬಲ ಬಂದರೆ ಬೈಕನ್ನು ಮಂಡಿಯಲ್ಲೇ ಅವುಚಿ ಹಿಡಿಯಬಹುದು, ಹ್ಯಾಂಡಲ್‌ಬಾರಿಗೆ ಜೋತುಬೀಳಬೇಕಿಲ್ಲ. ಆದರೆ ಅಂಗೈಯಲ್ಲಿ ಅದುಮುವ ಸ್ಪ್ರಿಂಗು, ಭಾರ ಹಿಡಿದು ಮಣಿಕಟ್ಟು ಮಡಚುವ ರಿಸ್ಟ್ ಕರ್ಲ್? ಕೈಕುಲುಕಿದವರು ಹೌಹಾರಿದರೇ ಹೊರತು ಆರ್ಮ್ ಪಂಪ್ ಇಷ್ಟೂ ಇಳಿಯಲಿಲ್ಲ. ಇಳಿಯದ್ದಕ್ಕೆ ಕಾರಣವೂ ಇದೆ. ಮುಂಗೈ ಸ್ನಾಯುಗಳ ಮೇಲೆ ಹಿಗ್ಗದ ಪೊರೆಯೊಂದಿದೆ. ಒಂದೇ ಸಮ ಬಿಗಿಹಿಡಿದಾಗ ಸ್ನಾಯು ಉಬ್ಬಿ, ಒಳಗೆ ಒತ್ತಡ ಏರಿ, ರಕ್ತದ ಓಡಾಟಕ್ಕೆ ತಡೆಯಾಗುತ್ತದೆ. ಆ ಪೊರೆಯನ್ನೇ ಸೀಳಿಸಿಕೊಳ್ಳುವ ಶಸ್ತ್ರಚಿಕಿತ್ಸೆಗೂ ಕೆಲವು ರೇಸರ್‌ಗಳು ಹೋಗುವುದುಂಟು. ಸ್ನಾಯು ದಪ್ಪಗಾದಷ್ಟೂ ಒಳಗಿನ ಜಾಗ ಬಿಗಿಯೇ ತಾನೇ?

ಹೀಗಾಗಿ ನನ್ನ ಲೆಕ್ಕ ಇಷ್ಟು: ಸೀಸನ್ ಇಲ್ಲದಾಗ ಸೈಕಲ್ ಮತ್ತು ಭಾರ, ರೇಸಿಗೆ ಒಂದೂವರೆ ತಿಂಗಳಿದೆ ಅನ್ನುವಾಗ ರೋಯಿಂಗ್ ಸುತ್ತುಗಳು. ಬೈಕಿನ ಮೇಲಿನ ಅಭ್ಯಾಸಕ್ಕೆ ಇವು ಯಾವುವೂ ಬದಲಿಯಲ್ಲ. ರೇಸಿನಲ್ಲಿ ಹಾರ್ಟ್ ರೇಟ್ ಗರಿಷ್ಠದ ಶೇ. 90ರ ಆಸುಪಾಸಿನಲ್ಲೇ ಕುಣಿಯುವುದಕ್ಕೆ ಶ್ರಮದಷ್ಟೇ ಬಿಗಿಹಿಡಿತ, ಭಯವೂ ಕಾರಣ. ಭಯಕ್ಕೆ ಜಿಮ್ಮಿನಲ್ಲಿ ಮಷಿನ್ ಇಲ್ಲ.

ರೇಸಿನ ದಿನ ಮಾತ್ರ ಸೈಕಲ್ಲೇ ಮುಂದು. ಆರ್ಮ್ ಪಂಪ್ ನನ್ನನ್ನು ಹೆಚ್ಚು ಕಾಡುವುದು ದಿನದ ಮೊದಲ ರೇಸಿನಲ್ಲಿ, ಮೈ ತಣ್ಣಗಿರುವಾಗ. ರೋಯಿಂಗ್ ಮಷಿನ್ ಹೊತ್ತೊಯ್ಯಲಾಗದು. ಹಳೆಯ ಸೈಕಲ್ ವ್ಯಾನಿನಲ್ಲಿ ಹಿಡಿಸುತ್ತದೆ. ರೇಸ್ ಶುರುವಾಗುವ ಗೇಟಿಗೆ ಹೋಗುವ ಮುಂಚೆ ಹದಿನೈದು ನಿಮಿಷ ಬೆವರು ಬರುವಷ್ಟು ತುಳಿದು, ನಡುನಡುವೆ ಮುಷ್ಟಿ ಬಿಗಿದು ಬಿಚ್ಚುತ್ತೇನೆ.