ಚಾಫ್ ಕಟರ್‌ಗೆ ಯಾವ ಬೋಲ್ಟ್? ಎಂ.ಎಸ್., 8.8, 12.9, ಎಸ್.ಎಸ್. ನಾಲ್ಕನ್ನೂ ಹಾಕಿ ನೋಡಿದಾಗ

2 ಎಚ್‌ಪಿ ಮೋಟಾರಿನ ಚಾಫ್ ಕಟರ್‌ನಲ್ಲಿ (ಮೇವು ಕತ್ತರಿಸುವ ಯಂತ್ರ) ಬೋಲ್ಟಿಗೆ ಮೂರು ಬಗೆಯ ಕೆಲಸವಿದೆ: ಮೋಟಾರ್ ಬೇಸ್ ಹಿಡಿಯುವುದು, ಫ್ಲೈವೀಲ್‌ಗೆ ಬ್ಲೇಡ್ ಕಚ್ಚಿಸುವುದು, ಮೇವು ಹಾಕುವ ತಗಡಿನ ಟ್ರೇ ಕೂರಿಸುವುದು. ಮೂರೂ ಕಡೆ ಎಂ10 (10 ಮಿಲಿಮೀಟರ್ ದಪ್ಪ) ಅಳತೆಯಲ್ಲೇ ನಾಲ್ಕು ಬಗೆ ಹಾಕಿ ನೋಡಿದ್ದೇವೆ: ಎಂ.ಎಸ್. (ಮೈಲ್ಡ್ ಸ್ಟೀಲ್, ಮೆದು ಉಕ್ಕು), 8.8, 12.9, ಎಸ್.ಎಸ್. (ಸ್ಟೇನ್‌ಲೆಸ್ ಸ್ಟೀಲ್). ಎಲ್ಲ ಕಡೆಗೂ ಸಲ್ಲುವ ಒಂದು ಬೋಲ್ಟ್ ಇಲ್ಲ. ಅಂಗಡಿಯಲ್ಲಿ ಸಿಗುವ ಅತಿ ಗಟ್ಟಿ ಬೋಲ್ಟ್ ಈ ಯಂತ್ರಕ್ಕೆ ಬೇಕಾಗಿಯೂ ಇಲ್ಲ.

ಮೊದಲು ತಲೆಯ ಮೇಲಿನ ಅಂಕಿ ಓದಿ. 8.8 ಅಂದರೆ ಸುಮಾರು 800 ಮೆಗಾಪಾಸ್ಕಲ್ (ಚದರ ಮಿಲಿಮೀಟರಿಗೆ ಇಷ್ಟು ನ್ಯೂಟನ್ ಎಂಬ ಅಳತೆ) ಎಳೆತಕ್ಕೆ ತುಂಡಾಗುತ್ತದೆ, ಅದರ ಶೇ 80ಕ್ಕೆ, ಅಂದರೆ 640ಕ್ಕೆ, ಹಿಗ್ಗಿ ಹಾಗೇ ಉಳಿದುಬಿಡುತ್ತದೆ. 4.6 ಆದರೆ 400 ಮತ್ತು 240. ತೂಕದ ಲೆಕ್ಕದಲ್ಲಿ ಕೊಡುವ ಎಂ.ಎಸ್. ಬೋಲ್ಟಿನ ತಲೆಯ ಮೇಲೆ ಅಂಕಿ ಇಲ್ಲದಿದ್ದರೆ 4.6 ಎಂದೇ ಎಣಿಸಿ, ಅದಕ್ಕಿಂತ ಹೆಚ್ಚು ನಂಬಬೇಡಿ.

ಬಿಗಿ ಮಾಡಿದ ಬೋಲ್ಟ್ ಸ್ಪ್ರಿಂಗಿನ ಹಾಗೆ ಒಂದಿಷ್ಟು ಹಿಗ್ಗಿ ಎರಡು ಭಾಗಗಳನ್ನು ಒತ್ತಿ ಹಿಡಿಯುತ್ತದೆ. ಭಾಗಗಳು ಜರುಗದಂತೆ ತಡೆಯುವುದು ಆ ಒತ್ತು. ಎಂ10 ಎಂ.ಎಸ್. ಬೋಲ್ಟಿಗೆ 20 ನ್ಯೂಟನ್ ಮೀಟರ್ ಬಿಗಿ ಸಾಕು, ಸಿಗುವ ಹಿಡಿತ ಸುಮಾರು 1 ಟನ್. 8.8ಕ್ಕೆ ಸುಮಾರು 50 ನ್ಯೂಟನ್ ಮೀಟರ್ ಕೊಟ್ಟರೆ ಎರಡೂವರೆ ಟನ್. 20 ಸೆಂಟಿಮೀಟರ್ ಉದ್ದದ ರಿಂಗ್ ಸ್ಪಾನರಿನ ತುದಿಯಲ್ಲಿ 25 ಕೆ.ಜಿ.ಯಷ್ಟು ಎಳೆದರೆ ಈ 50 ಬರುತ್ತದೆ. ಅದೇ ಕೈ ಎಂ.ಎಸ್. ಬೋಲ್ಟಿನ ಮೇಲೆ ಬಿದ್ದರೆ ಅದು ಹಿಗ್ಗಿ ಕುತ್ತಿಗೆ ಸಣ್ಣಗಾಗುತ್ತದೆ. ತಿರುಗಿಸಿದಷ್ಟೂ ತಿರುಗುತ್ತದೆ, ಬಿಗಿಯಾಗುವುದಿಲ್ಲ. ಥ್ರೆಡ್ಡಿಗೆ ಎಣ್ಣೆ ಹಚ್ಚಿದ್ದರೆ ಈ ಅಂಕಿಗಳಲ್ಲಿ ಐದನೇ ಒಂದು ಭಾಗ ಕಡಿಮೆ ಮಾಡಿ.

ಮೋಟಾರ್ ಬೇಸ್‌ನಲ್ಲಿ ಎಂ.ಎಸ್. ಸೋತಿತು. ಬೆಲ್ಟ್ ಎಳೆತಕ್ಕೆ ಮೋಟಾರ್ ಜರುಗಿ ಬೆಲ್ಟ್ ಸಡಿಲವಾಗುತ್ತಲೇ ಇತ್ತು. 8.8 ಹಾಕಿದ ಮೇಲೂ ತೊಂದರೆ ಪೂರ್ತಿ ಹೋಗಲಿಲ್ಲ, ಏಕೆಂದರೆ ಉಳಿದ ತಪ್ಪು ವಾಷರಿನದು. ಬೆಲ್ಟ್ ಬಿಗಿ ಮಾಡಲೆಂದು ಅಲ್ಲಿ ಉದ್ದುದ್ದ ತೂತುಗಳಿರುತ್ತವೆ. ತೆಳು ವಾಷರ್ ಆ ತೂತಿನೊಳಕ್ಕೆ ಬಟ್ಟಲಿನಂತೆ ಬಗ್ಗಿ ಹಿಡಿತ ಬಿಡುತ್ತದೆ. 3 ಮಿಲಿಮೀಟರ್ ದಪ್ಪದ ಅಗಲ ವಾಷರ್ ಹಾಕಿ, ಅದರಡಿಯ ಪೇಂಟ್ ಕೆರೆದು ತೆಗೆದರೆ ನಿಲ್ಲುತ್ತದೆ. ಪೇಂಟ್ ಪದರ ಒತ್ತಡಕ್ಕೆ ಕುಸಿದರೆ ಬೋಲ್ಟಿನ ಹಿಗ್ಗೂ ಅಷ್ಟೇ ಇಳಿಯುತ್ತದೆ.

ಬ್ಲೇಡಿಗೆ 12.9 ಅಲೆನ್ ಬೋಲ್ಟ್ ಹಾಕುವ ಆಸೆ ಹಲವರಿಗೆ. ಇಲ್ಲಿ ನಮ್ಮ ಮಾತು ಖಡಾಖಂಡಿತ: ಬೇಡ. ಸತುವಿನ ಲೇಪವಿದ್ದರಂತೂ ಮುಟ್ಟಲೇಬೇಡಿ. ಅಷ್ಟು ಗಟ್ಟಿ ಉಕ್ಕಿಗೆ ವಿದ್ಯುತ್ತಿನಿಂದ ಲೇಪ ಕೊಡುವಾಗ ಹೈಡ್ರೋಜನ್ ಒಳಸೇರುತ್ತದೆ. ಸರಿಯಾಗಿ ಕಾಯಿಸಿ ಹೊರಹಾಕದಿದ್ದರೆ, ಬಿಗಿ ಮಾಡಿ ಹೋದ ಬೋಲ್ಟಿನ ತಲೆ ಮರುದಿನ ತಾನಾಗಿಯೇ ಹಾರಿಬೀಳಬಹುದು. ತಿರುಗುವ ಬ್ಲೇಡಿನಲ್ಲಿ ಅದು ಜೀವಕ್ಕೇ ಅಪಾಯ. ಲೇಪವಿಲ್ಲದ ಕಪ್ಪು 12.9 ಹಸಿ ಮೇವಿನ ರಸಕ್ಕೆ ಬೇಗ ತುಕ್ಕು ಹಿಡಿಯುತ್ತದೆ. ಬ್ಲೇಡಿಗೆ 8.8 ಬೋಲ್ಟ್, 8ರ ದರ್ಜೆಯ ನಟ್ ಸಾಕು. ತಲೆಯ ಆಕಾರ ಮಾತ್ರ ಯಂತ್ರದ ಜೊತೆ ಬಂದದ್ದೇ ಇರಲಿ, ಮತ್ತು ಸ್ಪಾನರ್ ಹಿಡಿಯುವ ಮುಂಚೆ ಪ್ಲಗ್ ಕಿತ್ತು ಪಕ್ಕಕ್ಕಿಡಿ.

ಎಸ್.ಎಸ್. 304 ಬೋಲ್ಟ್ (ತಲೆಯ ಮೇಲೆ ಎ2-70) ತುಕ್ಕು ಹಿಡಿಯದೆ ಉಳಿದದ್ದು ಟ್ರೇಯಲ್ಲಿ, ಅಲ್ಲಿಗೆ ಅದೇ ಉತ್ತಮ. ಆದರೆ 8.8ರ 640ರ ಎದುರು ಅದು 450ಕ್ಕೇ ಹಿಗ್ಗುತ್ತದೆ, ಹಾಗಾಗಿ ಬ್ಲೇಡಿಗೆ ಬೇಡ. ಎಸ್.ಎಸ್. ನಟ್ಟನ್ನು ಒಣಗಿದ ಥ್ರೆಡ್ಡಿನ ಮೇಲೆ ನಟ್ ಬಿಗಿಯುವ ಗನ್ನಿನಲ್ಲಿ ತಿರುಗಿಸಿದರೆ ಅರ್ಧದಲ್ಲೇ ಕಚ್ಚಿಕೊಳ್ಳುತ್ತದೆ, ಆಮೇಲೆ ಕೊಯ್ದೇ ತೆಗೆಯಬೇಕು. ಆಂಟಿ-ಸೀಝ್ ಪೇಸ್ಟ್ (ಥ್ರೆಡ್ ಕಚ್ಚಿಕೊಳ್ಳದಂತೆ ತಡೆಯುವ ಲೇಪ) ಹಚ್ಚಿ ಕೈಯಲ್ಲೇ ನಿಧಾನವಾಗಿ ತಿರುಗಿಸಿ.

ಸಡಿಲವಾಗದಂತೆ ತಡೆಯಲು ಸ್ಪ್ರಿಂಗ್ ವಾಷರ್ ನೆಚ್ಚಿಕೊಳ್ಳಬೇಡಿ. 8.8ರ ಬಿಗಿಗೆ ಅದು ಪೂರ್ತಿ ಚಪ್ಪಟೆಯಾಗಿ ಸಾಮಾನ್ಯ ವಾಷರ್ ಆಗಿಬಿಡುತ್ತದೆ. ಅಡ್ಡ ಅದುರಿಗೆ ನಟ್ ತಾನಾಗಿ ಬಿಚ್ಚಿಕೊಳ್ಳುವುದನ್ನು ಜರ್ಮನಿಯ ಯುಂಕರ್ 1969ರಲ್ಲೇ ಪ್ರಯೋಗದಿಂದ ತೋರಿಸಿದ್ದರು. ಬ್ಲೇಡಿಗೆ ನೈಲಾಕ್ ನಟ್ (ಒಳಗೆ ನೈಲಾನ್ ಬಳೆ ಇರುವ ನಟ್) ನಮ್ಮ ಆಯ್ಕೆ, ಪ್ರತಿ ಸಲ ಬ್ಲೇಡ್ ಬಿಚ್ಚಿದಾಗ ಹೊಸದು. ನಟ್ಟಿನಾಚೆ ಎರಡು ಮೂರು ಸುತ್ತು ಥ್ರೆಡ್ ಕಾಣಬೇಕು, ಇಲ್ಲವಾದರೆ ನೈಲಾನ್ ಹಿಡಿದಿರುವುದಿಲ್ಲ. ಬೋಲ್ಟ್ ನೇರ ಎರಕದ ತೂತಿಗೆ ಇಳಿಯುವಂತಿದ್ದರೆ ನೀಲಿ ಲಾಕ್‌ಟೈಟ್ (ಥ್ರೆಡ್ ಹಿಡಿದಿಡುವ ಅಂಟು) ಒಂದು ಹನಿ, ಎಣ್ಣೆ ಒರೆಸಿದ ಮೇಲೆ, ಮತ್ತು 24 ಗಂಟೆ ಒಣಗಲು ಬಿಡಿ. ಕೆಂಪು ಬಗೆ ಬೇಡ, ಬಿಚ್ಚಲು ಗ್ಯಾಸ್ ಹಚ್ಚಿ ಕಾಯಿಸಬೇಕಾಗುತ್ತದೆ. ಚೆಕ್ ನಟ್ (ಒಂದರ ಮೇಲೊಂದು ಎರಡು ನಟ್) ಹಾಕುವವರು ತೆಳು ನಟ್ಟನ್ನು ಕೆಳಗೆ, ದಪ್ಪದ್ದನ್ನು ಮೇಲೆ ಹಾಕಲಿ. ಹೆಚ್ಚಿನ ಕಡೆ ಇದು ತಲೆಕೆಳಗಾಗಿರುತ್ತದೆ.

ಕೊಳ್ಳುವಾಗ ಹಳೆಯ ನಟ್ಟನ್ನು ಜೊತೆಗೆ ಒಯ್ದು ಕೈಯಲ್ಲೇ ಕೊನೆಯವರೆಗೆ ತಿರುಗಿಸಿ ನೋಡಿ. ಎಂ10ರ ಸಾಮಾನ್ಯ ಪಿಚ್ (ಅಕ್ಕಪಕ್ಕದ ಎರಡು ಥ್ರೆಡ್ ಸುತ್ತುಗಳ ನಡುವಿನ ಅಂತರ) 1.5 ಮಿಲಿಮೀಟರ್, 1.25ರದ್ದೂ ಸಿಗುತ್ತದೆ. ತಪ್ಪು ಪಿಚ್ ಎರಡು ಸುತ್ತು ಹೋಗಿ ನಿಲ್ಲುತ್ತದೆ. ಸ್ಪಾನರ್ ಹಳೆಯ ಡಿಐಎನ್ (ಜರ್ಮನ್ ಮಾನಕ) ತಲೆಗೆ 17, ಐಎಸ್‌ಒ (ಅಂತರರಾಷ್ಟ್ರೀಯ ಮಾನಕ) ತಲೆಗೆ 16 ಮಿಲಿಮೀಟರ್.

ಬಿಗಿ ಮಾಡಿದ ಮೇಲೆ ನಟ್ಟಿನಿಂದ ಪ್ಲೇಟಿನವರೆಗೆ ಪೇಂಟಿನಲ್ಲಿ ಒಂದು ಗೆರೆ ಎಳೆಯಿರಿ. ಒಂದು ಗಂಟೆ ಮೇವು ಕತ್ತರಿಸಿ, ಯಂತ್ರ ನಿಲ್ಲಿಸಿ, ಪ್ಲಗ್ ಕಿತ್ತು ನೋಡಿ. ಗೆರೆ ಮುರಿದಿದ್ದರೆ ನಟ್ ತಿರುಗಿದೆ. ಗೆರೆ ನೆಟ್ಟಗಿದ್ದೂ ಸ್ಪಾನರಿಗೆ ಸಡಿಲ ಸಿಕ್ಕರೆ ವಾಷರಿನಡಿ ಏನೋ ಕುಸಿದಿದೆ, ಬಿಚ್ಚಿ ಅದನ್ನೇ ನೋಡಿ.